ಉಂಡು ಮರೆತ ಬೂಷ್ಟು

ಊರಲ್ಲಿ ಜನ ಹಂದಿ ಸಾಕುತ್ತಾರೆ, ಕೋಳಿ ಸಾಕುತ್ತಾರೆ, ತಲೆ ಕೆಟ್ಟವರು ಕುದುರೆಯನ್ನೂ ಸಾಕುತ್ತಾರೆ. ಬಿಟ್ಟಂಗಾಲದ ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಯ ಚೋಮಿಯ ಮಗಳು ರಶ್ಮಿತಾ ಮಾತ್ರ ಬೂಷ್ಟು ಸಾಕುತ್ತಿದ್ದಳು. ಉಪ್ಪಿನಕಾಯಿ ಜಾಡಿಯ ಮೇಲೆ ಬಂದರೆ ಹೆಂಗಸರು ಶಾಪ ಹಾಕಿ ಒರೆಸಿ ಎಸೆಯುತ್ತಾರಲ್ಲ, ಅದರ ಜಾತಿಯದೇ ಬೂಷ್ಟು. ಗೋಣಿಕೊಪ್ಪಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ಅದನ್ನು ಗಾಜಿನ ತಟ್ಟೆಗಳಲ್ಲಿಟ್ಟು, ಗಾಳಿ ಆಡದಂತೆ ಬಾಗಿಲು ಹಾಕಿಕೊಂಡು ಆರು ವರ್ಷ ಸಾಕಿದಳು. ಲೈನಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಚೋಮಿ ನಗಲಿಲ್ಲ. "ನಗಿ ನಗಿ. ನೀವು ಸಾಕಿದ ಕೋಳಿನ ನಿಮ್ ಅಳಿಯಂದ್ರು ಬಂದು ತಿಂದು ಹೋದ್ರು. ನನ್ ಮಗಳ ಬೂಷ್ಟನ್ನ ಯಾರು ತಿಂತಾರೆ?" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಚೋಮಿಗೆ ಬೂಷ್ಟೂ ಮುದ್ದಾಗಿತ್ತು.

ಅದಕ್ಕೆ ಕಾರಣವೂ ಇತ್ತು. ಆ ಬೂಷ್ಟನ್ನು ಮೊದಲು ಕಂಡವಳೇ ಚೋಮಿ.

ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಅವಳದು ಇಪ್ಪತ್ತೆಂಟು ವರ್ಷದ ಕೆಲಸ. ಹಣ್ಣು ಕಾಫಿಯ ಸಿಪ್ಪೆ ಸುಲಿದ ಮೇಲೆ ಬೀಜದ ಸುತ್ತ ಲೋಳೆ ಉಳಿಯುತ್ತದೆ. ಅದನ್ನು ತೊಟ್ಟಿಯಲ್ಲಿ ತುಂಬಿ ಒಂದು ದಿನ, ಒಂದೂವರೆ ದಿನ ಬಿಟ್ಟರೆ ಲೋಳೆ ತಾನಾಗಿ ಕಳಚುತ್ತದೆ, ಆಮೇಲೆ ತೊಳೆದು ಕಣದಲ್ಲಿ ಒಣಹಾಕುತ್ತಾರೆ. ಅವಸರ ಮಾಡಿ ತೊಳೆದರೆ ಲೋಳೆ ಅಂಟಿಕೊಂಡೇ ಉಳಿದು ಬೀಜ ಕಣದಲ್ಲಿ ಹುಳಿಯುತ್ತದೆ, ತಡವಾದರೆ ತೊಟ್ಟಿಯಲ್ಲೇ ಕೊಳೆಯುತ್ತದೆ. ಸರಿಯಾದ ಹೊತ್ತು ಯಾವುದು ಎಂದು ಹೇಳುವುದು ಗಡಿಯಾರವಲ್ಲ, ಚೋಮಿಯ ಮುಷ್ಟಿ. ಮೊಣಕೈ ತನಕ ತೊಟ್ಟಿಗೆ ಇಳಿಸಿ, ಒಂದು ಹಿಡಿ ಬೀಜ ತೆಗೆದು, ಕಿವಿಯ ಹತ್ತಿರ ಹಿಡಿದು ಹಿಸುಕುತ್ತಾಳೆ. ಬೆರಳ ಸಂದಿನಿಂದ ಜಾರಿದರೆ ಇನ್ನೂ ಆಗಿಲ್ಲ. ಹೊಳೆಯ ಗರಸು ಮರಳಿನ ಹಾಗೆ ಚರಕ್ ಅಂದರೆ ಆಯಿತು. ಈ ಇಪ್ಪತ್ತೆಂಟು ವರ್ಷದಲ್ಲಿ ಆಳುಗಳ ಉಸ್ತುವಾರಿ ನೋಡುವ ರೈಟರುಗಳು ಮೂವರು ಬದಲಾದರು, ಎಸ್ಟೇಟಿನ ಯಜಮಾನರೂ ಒಮ್ಮೆ ಬದಲಾದರು. "ಚೋಮಿ ಹೇಳಿದ್ಲಾ?" ಎಂಬ ಪ್ರಶ್ನೆ ಬದಲಾಗಲಿಲ್ಲ. ಎಸ್ಟೇಟಿನ ದಫ್ತರದಲ್ಲಿ ಅವಳಿಗೆ ಇನ್ಯಾವ ಹೆಸರೂ ಇರಲಿಲ್ಲ, ಪದವಿಯೂ ಇರಲಿಲ್ಲ. ಇದ್ದದ್ದು ಆ ಕೈ ಒಂದೇ.

ರಶ್ಮಿತಾ ಎಂ.ಎಸ್ಸಿ. ಓದುತ್ತಿದ್ದಾಗ ಚೋಮಿ ಒಂದು ದಿನ ಅವಳನ್ನು ಪಲ್ಪರ್ ಮನೆಯ ಹಿಂದಿನ ಸಿಪ್ಪೆ ರಾಶಿಯ ಹತ್ತಿರ ಕರೆದುಕೊಂಡು ಹೋದಳು. ರಾಶಿಯ ಒಂದು ಮೂಲೆಯಲ್ಲಿ ಸಿಪ್ಪೆಯ ಜೊತೆ ತಪ್ಪಿ ಬಂದ ನಾಲ್ಕು ಬೀಜಗಳಿದ್ದವು.

"ಮುಟ್ಟಿ ನೋಡು ಮಗ. ಒಂಚೂರೂ ಜಾರಲ್ಲ. ಬೆಳಿಗ್ಗೆ ಬಿದ್ದ ಸಿಪ್ಪೆ ಇದು, ಸಂಜೆಗೆ ಲೋಳೆ ಇಲ್ಲ. ಇಲ್ಲಿ ಎಂತದೋ ಉಂಟು" ಎಂದಳು.

ರಶ್ಮಿತಾ ಒಂದು ಹಿಡಿ ಸಿಪ್ಪೆಯನ್ನು ತಿಂಡಿ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದಳು. ಅದರಿಂದ ಬೇರ್ಪಡಿಸಿದ ಬೂಷ್ಟು ಒಂದೂವರೆ ದಿನದ ಕೆಲಸವನ್ನು ನಾಲ್ಕು ಗಂಟೆಯಲ್ಲಿ ಮುಗಿಸುತ್ತಿತ್ತು. ಲೋಳೆಯೆಂದರೆ ಪೆಕ್ಟಿನ್. ಅದನ್ನು ಕತ್ತರಿಸುವ ಕಿಣ್ವವನ್ನು ಈ ಬೂಷ್ಟು ಮೈಯಿಂದ ಹೊರಗೆ ಸುರಿಸುತ್ತಿತ್ತು. ಮಾರ್ಗದರ್ಶಕಿ ಸುಮಿತಾ ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೂಷ್ಟಿನ ಸುತ್ತ ಪೆಕ್ಟಿನ್ ಕರಗಿ ಒಂದು ತಿಳಿ ಬಳೆ ಬಿದ್ದಿತ್ತು. "ಇದು ನಿನ್ನ ಪಿಎಚ್.ಡಿ. ಕಣಮ್ಮ" ಎಂದರು. ಲೈನ್ ಮನೆಯ ಹುಡುಗಿಗೆ ಕುರ್ಚಿ, ಮೇಜು, ಬಾಗಿಲಿಗೆ ಬೀಗ ಹಾಕುವ ಒಂದು ಕೋಣೆ ಸಿಕ್ಕಿದ್ದು ಆ ತಿಳಿ ಬಳೆಯಿಂದ. ಅದು ಹೋದರೆ ಇವೆಲ್ಲವೂ ಹೋಗುತ್ತವೆ ಎಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು.

ಬೂಷ್ಟಿನ ಗುಣ ಕಲಿಯುತ್ತ ಹೋದ ಹಾಗೆ ಒಂದು ಸಂಗತಿ ಅವಳಿಗೆ ಹಿಡಿಸಲಿಲ್ಲ. ಕಿಣ್ವ ಮಾಡುವ ಜೀನುಗಳು ಅದರ ಮೈಯಲ್ಲಿ ಯಾವಾಗಲೂ ಇರುತ್ತವೆ, ಆದರೆ ಯಾವಾಗಲೂ ಕೆಲಸ ಮಾಡುವುದಿಲ್ಲ. ಹತ್ತಿರದಲ್ಲಿ ಸಕ್ಕರೆ ಇದ್ದರೆ ಒಂದು ಪ್ರೊಟೀನು ಬಂದು ಆ ಜೀನುಗಳ ಮೇಲೆ ಜಪ್ಪಯ್ಯ ಅಂದರೂ ಏಳದೆ ಕೂತುಬಿಡುತ್ತದೆ. ಸುಲಭದ ಊಟ ಇರುವಾಗ ಕಷ್ಟದ ಊಟಕ್ಕೆ ಯಾಕೆ ಒದ್ದಾಡಬೇಕು ಎಂಬ ಲೆಕ್ಕ. ಸಕ್ಕರೆ ಮುಗಿದ ಮೇಲೆ ಅದು ಏಳುತ್ತದೆ. ಅಷ್ಟೇ ಸಾಲದು. ಬೂಷ್ಟು ಒಂದೆರಡು ಹನಿ ಕಿಣ್ವವನ್ನು ಸುಮ್ಮನೆ ಹೊರಗೆ ಬಿಟ್ಟು ನೋಡುತ್ತಿರುತ್ತದೆ. ಪೆಕ್ಟಿನ್ ಇದ್ದರೆ ಅದರ ಚೂರು ಒಳಗೆ ಬರುತ್ತದೆ, ಆ ಚೂರೇ ಸುದ್ದಿ. ಸುದ್ದಿ ಮುಟ್ಟಿದ ಮೇಲೆ ಇನ್ನೊಂದು ಪ್ರೊಟೀನು ಜೀನುಗಳನ್ನು ಎಬ್ಬಿಸುತ್ತದೆ. ಆಗ ಕಿಣ್ವ ಧಾರೆಯಾಗಿ ಸುರಿಯುತ್ತದೆ. ಅಂದರೆ ಹಸಿವೂ ಬೇಕು, ಹತ್ತಿರದಲ್ಲಿ ಕಷ್ಟದ ಊಟವೂ ಕಾಣಬೇಕು.

"ಹೊಟ್ಟೆ ತುಂಬಿದ್ರೆ ದುಡಿಯಲ್ಲ ಅಂತಲಾ ಮೇಡಂ?" ಎಂದು ರಶ್ಮಿತಾ ಕೇಳಿದಳು.

"ಒರಟಾಗಿ ಹೇಳೋದಾದ್ರೆ ಹಂಗೇ."

ಮೇಡಂಗೆ ಗೊತ್ತಿರಲಿಲ್ಲ. ಹಳೆಯ ರೈಟರೊಬ್ಬ ಲೈನಿನಲ್ಲಿ ಇದೇ ಮಾತನ್ನು ದಿನಾ ಹೇಳುತ್ತಿದ್ದ. "ಹೊಟ್ಟೆ ತುಂಬಿದ ಆಳು ಬುಟ್ಟಿ ಎತ್ತಲ್ಲ" ಎನ್ನುತ್ತ ಬೆಳಗಿನ ಗಂಜಿಯನ್ನು ಮೊದಲ ಬುಟ್ಟಿ ತುಂಬುವ ತನಕ ತಡೆಯುತ್ತಿದ್ದ. ಚೋಮಿಯ ಬೆನ್ನಿಗೆ ಕಟ್ಟಿದ್ದ ಕೂಸು ರಶ್ಮಿತಾ ಆ ಗಂಜಿಗೆ ಅತ್ತದ್ದನ್ನು ಲೈನಿನ ಹೆಂಗಸರು ಇವತ್ತಿಗೂ ಹೇಳುತ್ತಾರೆ. ಅವನು ಸತ್ತು ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಈಗ ಅವನ ಮಾತನ್ನೇ ವಿಜ್ಞಾನದ ಪುಸ್ತಕ ಹೇಳುತ್ತಿದೆ ಎಂದು ರಶ್ಮಿತಾಗೆ ಮೈ ಉರಿಯಿತು. ಬೂಷ್ಟಿನ ನ್ಯಾಯ ಮನುಷ್ಯರಿಗೆ ಹೊಂದುವುದಿಲ್ಲ ಎಂದು ಅವಳ ಬುದ್ಧಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ತಪ್ಪು ಆದದ್ದು ಆ ಕೈಯಿಂದ. ಬೂಷ್ಟನ್ನು ವಾರವಾರವೂ ಹೊಸ ತಟ್ಟೆಗೆ ದಾಟಿಸಬೇಕು. ಬರೀ ಪೆಕ್ಟಿನ್ ಇಟ್ಟ ತಟ್ಟೆಯಲ್ಲಿ ಅದು ಬಡವಾಗಿ, ನೂಲು ನೂಲಾಗಿ, ಬೆನ್ನಿಗಂಟಿದ ಹೊಟ್ಟೆಯವರ ಹಾಗೆ ಬೆಳೆಯುತ್ತಿತ್ತು. ರಶ್ಮಿತಾಗೆ ನೋಡಲು ಆಗುತ್ತಿರಲಿಲ್ಲ. ಆಲೂಗಡ್ಡೆಯ ರಸಕ್ಕೆ ಸಕ್ಕರೆ ಹಾಕಿದ ತಟ್ಟೆಯಲ್ಲಿಟ್ಟರೆ ಮೂರೇ ದಿನಕ್ಕೆ ಮಂದವಾಗಿ, ಮೆತ್ತಗೆ, ತಟ್ಟೆ ತುಂಬ ಹಬ್ಬುತ್ತಿತ್ತು. ಪರೀಕ್ಷೆಗೆ ಬೇಕಾದಾಗ ಉಪವಾಸ ಹಾಕಿದರಾಯಿತು, ಉಳಿದ ದಿನ ಉಂಡುಕೊಂಡಿರಲಿ ಎಂದುಕೊಂಡಳು. ಇಡೀ ಪ್ರಪಂಚದಲ್ಲಿ ಬೂಷ್ಟಿಗೆ ಮರುಗಿದವಳು ಅವಳೊಬ್ಬಳೇ ಇರಬೇಕು. ಎರಡು ವರ್ಷ ಹೀಗೆ ನಡೆಯಿತು. ಅಪಾಯವಿಲ್ಲ, ಮೂಲದ ತಳಿ ಫ್ರೀಜರಿನಲ್ಲಿ ಭದ್ರವಾಗಿದೆ ಎಂಬ ಧೈರ್ಯವೂ ಇತ್ತು.

ಹೋದ ಆಷಾಢದಲ್ಲಿ ಮರಗಳು ವಿದ್ಯುತ್ ತಂತಿಯ ಮೇಲೆ ಬಿದ್ದು ಒಂಬತ್ತು ದಿನ ಕರೆಂಟ್ ಇರಲಿಲ್ಲ. ಜನರೇಟರ್ ನಾಲ್ಕನೇ ದಿನಕ್ಕೆ ನಿಂತಿತು. ಫ್ರೀಜರಿನಲ್ಲಿದ್ದ ಮೂಲದ ಬೀಜಕಣಗಳು ಕರಗಿ ಸತ್ತವು. ಉಳಿದದ್ದು ಮೇಜಿನ ಮೇಲಿದ್ದ, ಸಕ್ಕರೆ ಉಂಡು ಕೊಬ್ಬಿದ ತಟ್ಟೆಗಳು ಮಾತ್ರ. ಅವನ್ನು ರಶ್ಮಿತಾ ಪೆಕ್ಟಿನ್ನಿಗೆ ಹಾಕಿ ಕಾದಳು. ತಿಳಿ ಬಳೆ ಬೀಳಲಿಲ್ಲ.

ಮೊದಲು ಅವಳು ನಂಬಲಿಲ್ಲ. ತಟ್ಟೆ ಸರಿಯಿಲ್ಲ ಎಂದಳು, ನೀರು ಸರಿಯಿಲ್ಲ ಎಂದಳು. ಹತ್ತು ಸಲ ಮಾಡಿದ ಮೇಲೆ ನಂಬಲೇಬೇಕಾಯಿತು. ಎರಡು ವರ್ಷದ ಸಕ್ಕರೆಯ ಊಟದಲ್ಲಿ ಯಾವುದೋ ಕೆಲವು ಎಳೆಗಳಲ್ಲಿ ಜೀನುಗಳನ್ನು ಎಬ್ಬಿಸುವ ಆ ಪ್ರೊಟೀನು ಕೆಟ್ಟುಹೋಗಿತ್ತು. ಕಿಣ್ವಕ್ಕೆ ಒಂದು ಹನಿಯನ್ನೂ ಖರ್ಚು ಮಾಡದ ಆ ಎಳೆಗಳೇ ಬೇಗ ಬೆಳೆದವು. ವಾರವಾರವೂ ಮಂದವಾಗಿ ಬೆಳೆದ ಅಂಚನ್ನೇ ಆರಿಸಿ, ಚೆಂದ ಉಂಟು ಎಂದು ಹೊಸ ತಟ್ಟೆಗೆ ದಾಟಿಸಿದವಳು ರಶ್ಮಿತಾಳೇ. ದುಡಿಯುವ ಎಳೆಗಳನ್ನು ತನ್ನ ಕೈಯಾರೆ ಹಿಂದೆ ಬಿಟ್ಟು ಬಂದಿದ್ದಳು. ಈಗ ಹಸಿವಾದರೂ, ಪೆಕ್ಟಿನ್ನಿನ ಸುದ್ದಿ ಬಂದರೂ ಒಳಗೆ ಎಬ್ಬಿಸುವವರೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

ಬಿಟ್ಟಂಗಾಲಕ್ಕೆ ಓಡಿದಳು. ಸಿಪ್ಪೆ ರಾಶಿ ಇರಲಿಲ್ಲ. ನಾತ ಬರುತ್ತದೆಂದು ಎಸ್ಟೇಟಿನವರು ಅದನ್ನು ಸಾಗಹಾಕಿ, ನೆಲಕ್ಕೆ ಸುಣ್ಣ ಸುರಿದು, ಜೀಪು ನಿಲ್ಲಿಸಲು ಜಾಗ ಮಾಡಿದ್ದರು. ಸುಣ್ಣದ ಅಂಚಿನ ಮಣ್ಣು ಕೆರೆದು ತಂದು ಎಂಬತ್ತು ತಟ್ಟೆ ಹಾಕಿದಳು. ಎಂಬತ್ತರಲ್ಲಿ ನೂರೆಂಟು ಜಾತಿಯ ಬೂಷ್ಟು ಬಂತು. ಅದು ಬರಲಿಲ್ಲ.

ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. "ಸ್ವಲ್ಪ ಕಮ್ಮಿ ಬರ್ತಿದೆ ಮೇಡಂ" ಎಂದು ಒಂದು ಸಲ ಹೇಳಿದಳು. "ಮಳೆಗಾಲ ಅಲ್ವಾ, ಸರಿ ಹೋಗುತ್ತೆ" ಎಂದು ಅವರು ಇನ್ನೊಂದು ಸಭೆಗೆ ಓಡಿದರು. ಇವತ್ತು ಎದ್ದೀತು, ನಾಳೆ ಎದ್ದೀತು ಎಂದು ರಶ್ಮಿತಾ ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಡುವ ತಾಯಿಯ ಹಾಗೆ ಪ್ರತಿ ಬೆಳಿಗ್ಗೆ ತಟ್ಟೆ ನೋಡಿದಳು. ಅಷ್ಟರಲ್ಲಿ ಡಿಸೆಂಬರ್ ಬಂತು. ಅರೇಬಿಕಾ ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಶುರುವಾಯಿತು. ಬಿಟ್ಟಂಗಾಲದ ಅದೇ ಪಲ್ಪರ್ ಮನೆಯಲ್ಲಿ ಪ್ರಯೋಗ ಮಾಡಿ ತೋರಿಸಬೇಕು, ಗೆದ್ದರೆ ಯೋಜನೆ ಇನ್ನೂ ಮೂರು ವರ್ಷ ಮುಂದುವರಿಯುತ್ತದೆ, ಇಲ್ಲವಾದರೆ ಕೋಣೆ ಖಾಲಿ ಮಾಡಬೇಕು ಎಂದು ಪತ್ರ ಬಂತು.

ಕೊನೆಯ ಆಸೆಗೆ ಅವಳು ಬೂಷ್ಟನ್ನು ಹಸಿ ಕಾಫಿ ಸಿಪ್ಪೆಯ ಮೇಲೆಯೇ ಬೆಳೆಸಿದಳು. ಹುಟ್ಟಿದ ಜಾಗದ ವಾಸನೆಗಾದರೂ ಎದ್ದೀತು ಎಂಬ ಹುಚ್ಚು. ಸೋಸಿದ ರಸವನ್ನು ಪರೀಕ್ಷಿಸಲು ಒಂದು ಗಂಟೆ ಸಾಕಿತ್ತು. ಅವಳು ಪರೀಕ್ಷಿಸಲಿಲ್ಲ. ಕ್ಯಾನಿಗೆ ತುಂಬಿ ಜೀಪಿನಲ್ಲಿಟ್ಟಳು.

ಪ್ರಯೋಗದ ದಿನ ಎಸ್ಟೇಟಿನ ಈಗಿನ ರೈಟರ್ ಚನ್ನಮಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹಾಸನದ ಕಡೆಯವರು, ಒಳ್ಳೆಯ ಮನುಷ್ಯ. ಹಳಬನ ಹಾಗೆ ಗಂಜಿ ತಡೆಯುವವರಲ್ಲ. ಬೆಳಿಗ್ಗೆ ಹತ್ತಕ್ಕೆ ತೊಟ್ಟಿಗೆ ರಸ ಸುರಿದಾಯಿತು. ಸುಮಿತಾ ಮೇಡಂ, ಎಸ್ಟೇಟಿನ ಮ್ಯಾನೇಜರು, ಹೊರಗಿನಿಂದ ಬಂದ ಇಬ್ಬರು ಅಧಿಕಾರಿಗಳು ಕುರ್ಚಿ ಹಾಕಿಕೊಂಡು ಕೂತರು. ರಶ್ಮಿತಾ ನಿಂತೇ ಇದ್ದಳು. ಎರಡು ಗಂಟೆಗೆ ಚನ್ನಮಲ್ಲಪ್ಪ ಎದ್ದರು.

"ನೋಡಿ ಸಾರ್, ನಮ್ಮಲ್ಲಿ ಮಿಷನ್ನು ಗಿಷನ್ನು ಏನಿಲ್ಲ. ನಮ್ ಚೋಮಿ ಕೈನೇ ನಮ್ ಮಿಷನ್ನು. ಅವಳು ಆಯ್ತು ಅಂದ್ರೆ ಆಯ್ತು. ಬಾ ಚೋಮಿ, ನೋಡು."

ಚೋಮಿ ತೋಳು ಮೇಲೆ ಮಾಡಿ ತೊಟ್ಟಿಗೆ ಕೈ ಇಳಿಸಿದಳು. ಹಿಡಿ ತೆಗೆದು ಕಿವಿಯ ಹತ್ತಿರ ತಂದು ಹಿಸುಕಿದಳು. ರಶ್ಮಿತಾ ಎರಡು ಮಾರು ದೂರದಲ್ಲಿದ್ದಳು. ಬೀಜ ಬೆರಳ ಸಂದಿನಿಂದ ಪುಳಕ್ಕನೆ ಜಾರಿ ನೀರಿಗೆ ಬಿದ್ದದ್ದನ್ನು ಕಂಡಳು. ಮೊದಲ ಗಂಟೆಯಲ್ಲಿ ಜಾರಬೇಕಾದ ಹಾಗೆಯೇ ಜಾರಿತ್ತು.

ಚೋಮಿ ಮಗಳ ಮುಖ ನೋಡಿದಳು. ಮಗಳ ಮುಖದಲ್ಲಿ ಏನಿತ್ತೋ, ಇನ್ನೊಮ್ಮೆ ಹಿಡಿ ತೆಗೆದಳು. ಈ ಸಲ ಬೀಜ ಹೊರಬೀಳದಂತೆ ಮುಷ್ಟಿಯನ್ನು ಬಿಗಿಯಾಗಿ ಮುಚ್ಚಿ ಹಿಸುಕಿದಳು.

"ಆಯ್ತು ರೈಟ್ರೆ. ಗರಸು ಗರಸು ಅಂತದೆ. ತೊಳೀಬೋದು."

ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಒಬ್ಬ ಅಧಿಕಾರಿ ತಾನೂ ಕೈ ಹಾಕಿ ನೋಡಿ, ಏನೂ ಅರ್ಥವಾಗದೆ, ಹೌದು ಹೌದು ಎಂದ. ಮೇಡಂ ಬಂದು ರಶ್ಮಿತಾಳ ಭುಜ ಹಿಡಿದರು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೂ ಜಾರ್ತಾ ಉಂಟು, ನಾಳೆ ತನಕ ಬಿಡಿ ಅಂದಿದ್ದರೆ ತೊಟ್ಟಿಯ ಕಾಫಿಯಾದರೂ ಉಳಿಯುತ್ತಿತ್ತು. ಆದರೆ ಹಾಗೆ ಅಂದರೆ ಇಷ್ಟು ಜನರ ಎದುರು ಅವ್ವ ಸುಳ್ಳಿ ಆಗುತ್ತಾಳೆ, ತನ್ನ ಕೋಣೆಯೂ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಯಿತು ಅವಳ ನಾಲಿಗೆ. ಹೇಡಿತನ ಎಂದರೆ ಇದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀಜ ತೊಳೆದು ಕಣಕ್ಕೆ ಹೊತ್ತರು.

ನಾಲ್ಕನೆಯ ದಿನ ಬೆಳಿಗ್ಗೆ ಲೈನಿನಿಂದ ಚಲುವಮ್ಮ ಫೋನ್ ಮಾಡಿದಳು. ಚೋಮಿಯ ಜೊತೆ ತೊಟ್ಟಿ ಕೆಲಸ ಮಾಡುವವಳು ಅವಳು.

"ರಶ್ಮಿ, ಕಣದಲ್ಲಿ ಮೂಗು ಬಿಡೋಕಾಗಲ್ಲ ಕಣೆ. ಇಡೀ ತೊಟ್ಟಿ ಬೀಜ ಹುಳಿ ಹೊಡೆದಿದೆ. ರೈಟ್ರು ನಿಮ್ಮವ್ವನ್ನ ಕೇಳುದ್ರು. ಎಲ್ರ ಎದುರಿಗೇ ಹೇಳ್ಬುಟ್ಲು, ನನ್ ಕೈ ಸತ್ತೋಗಿದೆ, ಜಾರೋದು ತಿಳೀತಿಲ್ಲ, ತುಂಬ ದಿನದಿಂದ ಹಿಂಗೇ, ನಾನೇ ಮುಚ್ಚಿಟ್ಟಿದ್ದೆ ಅಂತ. ನಿನ್ ಔಷಧಿದೇನೂ ತಪ್ಪಿಲ್ವಂತೆ, ತೊಳೆಯೋ ಹೊತ್ತು ತಾನೇ ತಪ್ಪಿದ್ಲಂತೆ. ನಂಗೆ ನಂಬಿಕೆ ಬರ್ತಿಲ್ಲ. ಮೊನ್ನೆ ತನಕ ಸರಿಯಾಗೇ ನೋಡ್ತಿದ್ಲಲ್ಲ?"

ರಶ್ಮಿತಾ ಫೋನ್ ಇಟ್ಟಳು. ಆಮೇಲೆ ಆಷಾಢದಿಂದ ಬರೆದು ಬಚ್ಚಿಟ್ಟಿದ್ದ ಪುಸ್ತಕ ತೆಗೆದುಕೊಂಡು ಮೇಡಂ ಕೋಣೆಗೆ ಹೋದಳು. ಪುಟ ಪುಟದಲ್ಲೂ ಸೊನ್ನೆ. ಮೇಡಂ ಮೊದಲಿನಿಂದ ಕೊನೆಯ ತನಕ ತಿರುವಿ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಜುಲೈನಲ್ಲೇ ಹೇಳಿದ್ರೆ ಇಬ್ರೂ ಸೇರಿ ಹುಡುಕ್ತಿದ್ವಿ. ಹೋದ ವರ್ಷದ ಕಾಯಿ ಒಣಗಿಸಿಟ್ಟವರಾದ್ರೂ ಇದ್ದಿರ್ತಿದ್ರು, ಅದರ ಸಿಪ್ಪೆಲಿ ಈ ಬೂಷ್ಟು ಸಿಗಬಹುದಿತ್ತು. ಈಗ ನಾನು ಏನಂತ ಬರೀಲಿ ರಶ್ಮಿತಾ?"

"ನಿಜ ಬರೀರಿ ಮೇಡಂ."

"ಬರೀತೀನಿ. ಬರೆದ್ರೆ ನಿನ್ನ ಸೀಟು ಹೋಗುತ್ತೆ. ಗೊತ್ತಲ್ಲ?"

ಗೊತ್ತು ಎಂದಳು. ಕೀಲಿಯನ್ನು ಮೇಜಿನ ಮೇಲಿಟ್ಟಳು. ಬಿಟ್ಟಂಗಾಲದ ಬಸ್ಸಿನಲ್ಲಿ ಕೂತಾಗ ಎದೆಯಲ್ಲಿ ಒಂದೇ ಒಂದು ಸಮಾಧಾನ ಉಳಿದಿತ್ತು. ನನ್ನದು ಹೋದರೆ ಹೋಗಲಿ, ಅವ್ವನ ಕೈಯನ್ನು ಅವ್ವನಿಗೆ ವಾಪಸು ಕೊಡಿಸುತ್ತೇನೆ.

ಚನ್ನಮಲ್ಲಪ್ಪ ಪಲ್ಪರ್ ಮನೆಯ ಮುಂದೆ ನಿಂತಿದ್ದರು. ಹೆಂಗಸರು ಹಣ್ಣು ಸುರಿಯುತ್ತಿದ್ದರು. ತೊಟ್ಟಿಯ ಹತ್ತಿರ ಚಲುವಮ್ಮ ತೋಳು ಮೇಲೆ ಮಾಡಿ ಅಳುಕುತ್ತ ನಿಂತಿದ್ದಳು. ರಶ್ಮಿತಾ ಎಲ್ಲರಿಗೂ ಕೇಳುವಂತೆ ಹೇಳಿದಳು. ತನ್ನ ಬೂಷ್ಟು ಕೆಲಸ ಮರೆತಿತ್ತು ಎಂದಳು. ತಾನೇ ಸಕ್ಕರೆ ಉಣಿಸಿ ಅದನ್ನು ಕೆಡಿಸಿದ್ದು, ಕ್ಯಾನಿನಲ್ಲಿದ್ದದ್ದು ಬರೀ ಸಿಪ್ಪೆಯ ನೀರು, ಅವ್ವನ ಕೈ ಸರಿಯಾಗೇ ಇದೆ, ನನ್ನನ್ನು ಉಳಿಸಲು ಸುಳ್ಳು ಹೇಳಿದಳು ಎಂದಳು. ಒಂದನ್ನೂ ಬಿಡಲಿಲ್ಲ.

ಚನ್ನಮಲ್ಲಪ್ಪ ತಲೆ ತಗ್ಗಿಸಿ ಕೇಳಿದರು. ಅವರ ಕಣ್ಣು ತುಂಬಿತ್ತು.

"ಬಿಡವ್ವ. ನಂಗೆ ಅರ್ಥ ಆಯ್ತದೆ. ತಾಯಿ ಮಾನ ಉಳಿಸೋಕೆ ನಿನ್ ಓದನ್ನೇ ಸುಳ್ಳು ಅಂತಿದ್ದೀಯ. ಆದ್ರೆ ಚೋಮಿ ಇಪ್ಪತ್ತೆಂಟು ವರ್ಷದಲ್ಲಿ ಒಂದಿನ ಸುಳ್ಳು ಹೇಳ್ದೋಳಲ್ಲ. ಅವಳೇ ಕೈ ಸತ್ತದೆ ಅಂದ ಮೇಲೆ ನಾನು ಯಾರ ಮಾತು ನಂಬ್ಲಿ?"

"ನನ್ ಮಾತು ನಂಬಿ ರೈಟ್ರೆ. ಬೇಕಾದ್ರೆ ಮೇಡಂನ ಕೇಳಿ. ಈಗಲೇ ಅವ್ವನ ಕೈಲಿ ನೋಡ್ಸಿ, ಗೊತ್ತಾಗ್ತದೆ."

"ಮೇಡಂಗೂ ನೀನೇ ತಾನೇ ಹೇಳಿರೋದು? ಒಂದು ತೊಟ್ಟಿ ಹೋಗಿದೆ. ಇನ್ನೊಂದನ್ನ ಪರೀಕ್ಷೆಗೆ ಇಡು ಅಂದ್ರೆ ಮ್ಯಾನೇಜರು ನನ್ನೇ ಕಳಿಸ್ತಾರೆ. ಅವಳನ್ನ ಕೆಲಸದಿಂದ ತೆಗೆದಿಲ್ಲ, ಪಿಕ್ಕಿಂಗಿಗೆ ಹಾಕಿದ್ದೀನಿ ಅಷ್ಟೆ."

ಹಣ್ಣು ಸುರಿಯುತ್ತಿದ್ದ ಹೆಂಗಸರಲ್ಲಿ ಯಾರೋ ಮೂಗೊರೆಸಿಕೊಂಡರು. "ಹೆತ್ರೆ ಇಂಥ ಮಗಳನ್ನ ಹೆರಬೇಕು" ಎಂದು ಇನ್ನೊಬ್ಬಳು ಹೇಳಿದಳು. ಚಲುವಮ್ಮನೂ ಹೌದೆಂದು ತಲೆಯಾಡಿಸಿದಳು. ನಾಲ್ಕು ದಿನದ ಹಿಂದೆ ಸುಮ್ಮನಿದ್ದಾಗ ಸಿಕ್ಕ ಚಪ್ಪಾಳೆಯಾದರೂ ಸಹಿಸಬಹುದಿತ್ತು. ನಿಜ ಹೇಳಿದ್ದಕ್ಕೆ ಸಿಕ್ಕ ಈ ಹೊಗಳಿಕೆಯನ್ನು ಎಲ್ಲಿಡಬೇಕೋ ರಶ್ಮಿತಾಗೆ ತಿಳಿಯಲಿಲ್ಲ.

ಅವಳು ತೋಟದೊಳಗೆ ಇಳಿದಳು. ಮೂರನೇ ಬ್ಲಾಕಿನ ಇಳಿಜಾರಿನಲ್ಲಿ ಚೋಮಿ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣು ಕೀಳುತ್ತಿದ್ದಳು. ತೊಟ್ಟಿಯ ಕೆಲಸಕ್ಕೆ ಹೋದ ಮೇಲೆ ಅವಳು ಪಿಕ್ಕಿಂಗ್ ಮಾಡಿರಲಿಲ್ಲ. ಬೆರಳುಗಳಿಗೆ ಅಭ್ಯಾಸ ತಪ್ಪಿ ಹಸಿರು ಕಾಯಿಯೂ ಹಣ್ಣಿನ ಜೊತೆ ಬರುತ್ತಿತ್ತು. ಮಗಳನ್ನು ಕಂಡು ಮುಖ ಅರಳಿತು.

"ಬಂದ್ಯಾ? ಉಂಡ್ಯಾ? ಇದ್ಯಾಕೆ ಕೆಲ್ಸದ ದಿನ ಬಂದೆ? ಮೇಡಂ ಬೈಯಲ್ವಾ?"

"ಅವ್ವ, ರೈಟ್ರಿಗೆ ಎಲ್ಲ ಹೇಳ್ದೆ. ನಂಬ್ಲಿಲ್ಲ."

ಚೋಮಿಯ ಕೈ ರೆಂಬೆಯ ಮೇಲೆಯೇ ನಿಂತಿತು. ಸಿಟ್ಟು ಬಂದದ್ದು ದನಿಯಲ್ಲಿ ಗೊತ್ತಾಯಿತು. "ಯಾಕೆ ಹೇಳಕ್ಕೆ ಹೋದೆ? ನಂಬ್ದೆ ಇದ್ದಿದ್ದೇ ಒಳ್ಳೇದಾಯ್ತು. ನನ್ ಕೈ ಎಷ್ಟು ದಿನಕ್ಕೆ ಮಗ? ಇನ್ನೆರಡು ವರ್ಷ. ನಿಂದು ಮುಂದಕ್ಕೆ ಉಂಟು. ನನ್ನದು ಹೋದ್ರೂ ನಿಂದು ಉಳೀಲಿ ಅಂತ ತಾನೇ ನಾನು ಅಂದಿದ್ದು?"

ರಶ್ಮಿತಾ ಹೇಳಬಾರದೆಂದುಕೊಂಡಳು. ಆದರೆ ಈ ಅವ್ವನಿಗೆ ಇನ್ನೊಂದು ದಿನ ಮುಚ್ಚಿಟ್ಟರೆ ತನ್ನಲ್ಲಿ ಮನುಷ್ಯತ್ವ ಅನ್ನುವುದು ಉಳಿಯುವುದಿಲ್ಲ ಅನಿಸಿತು.

"ಮೇಡಂಗೂ ಹೇಳ್ಬಿಟ್ಟೆ ಅವ್ವ. ಬೆಳಿಗ್ಗೆನೇ. ಕೀಲಿ ಕೊಟ್ಟು ಬಂದೆ."

ಚೋಮಿ ಸೊಂಟದ ಹಗ್ಗ ಬಿಚ್ಚಿ ಬುಟ್ಟಿಯನ್ನು ನೆಲದ ಮೇಲಿಟ್ಟಳು. 

"ಹಂಗಾದ್ರೆ ಎರಡೂ ಹೋಯ್ತಾ ಮಗ?" ಎಂದು ಕೇಳಿದಳು.

ರಶ್ಮಿತಾ ಹೌದು ಎಂದಳು.